ಓದುಗರ ಪ್ರಶ್ನೆ: ಜೀನ್ ಎಲ್ಲಾ ಕಡೆ ಇದ್ರೂ ಇನ್ಸುಲಿನ್ ಮಾತ್ರ ಒಂದೇ ಕಡೆ ಯಾಕೆ?

ಪ್ರಶ್ನೆ: ದೇಹದ ಎಲ್ಲಾ ಕೋಶದಲ್ಲೂ ಒಂದೇ ಡಿಎನ್‌ಎ ಅಂತೀರಲ್ಲ, ಹಾಗಾದ್ರೆ ಚರ್ಮದಲ್ಲೂ ಇನ್ಸುಲಿನ್ ಜೀನ್ ಇರ್ಬೇಕು. ಅಲ್ಲಿ ಇನ್ಸುಲಿನ್ ಯಾಕೆ ತಯಾರಾಗಲ್ಲ? ಜೀನ್ ಅಳಿಸಿ ಹೋಗಿರುತ್ತಾ?

ಉತ್ತರ: ಅಳಿಸಿ ಹೋಗಲ್ಲ. 11ನೇ ಕ್ರೋಮೋಸೋಮ್ ಮೇಲೆ ಅದು ಚರ್ಮದ ಕೋಶದಲ್ಲೂ ಇದೆ, ಸುಮ್ನೆ ಬಿದ್ದಿರುತ್ತೆ ಅಷ್ಟೆ (ಕೆಂಪು ರಕ್ತಕಣದ ಮಾತು ಬಿಡಿ, ಅದರಲ್ಲಿ ನ್ಯೂಕ್ಲಿಯಸ್ಸೇ ಇರಲ್ಲ). ಗುಟ್ಟಿರೋದು ಜೀನ್ ಶುರುವಾಗೋಕೆ ಸ್ವಲ್ಪ ಮೊದಲು ಬರೋ ಕೆಲವು ನೂರು ಡಿಎನ್‌ಎ ಅಕ್ಷರದ ತುಂಡಲ್ಲಿ, ಪ್ರೊಮೋಟರ್ ಎನ್‌ಹಾನ್ಸರ್ ಅಂತಾರಲ್ಲ ಅದೇ, ಜೀನಿನ ಸ್ವಿಚ್ ಅಂದ್ಕೊಳ್ಳಿ. ಆ ತುಂಡಿಂದ ಯಾವ ಪ್ರೋಟೀನೂ ತಯಾರಾಗಲ್ಲ, ಬೇರೆ ಪ್ರೋಟೀನ್‌ಗಳು ಬಂದು ಕೂರೋಕೆ ಅದು ಜಾಗ. ಟಿ-ಎ-ಎ-ಟಿ ಅಂತ ಇರೋ ಕಡೆ ಪಿಡಿಎಕ್ಸ್1 ಅನ್ನೋ ಪ್ರೋಟೀನ್ ಕೂರುತ್ತೆ, ಸಿ-ಎ-ಟಿ-ಸಿ-ಟಿ-ಜಿ ಅಂತ ಇರೋ ಕಡೆ ನ್ಯೂರೋಡಿ1 ತನ್ನ ಜೋಡಿ ಜೊತೆ ಕೂರುತ್ತೆ, ಪಕ್ಕದಲ್ಲೇ ಮ್ಯಾಫ್‌ಎ. ಮಜಾ ಏನಂದ್ರೆ ಇವುಗಳಲ್ಲಿ ಒಂದೂ ಇನ್ಸುಲಿನ್‌ಗೇ ಅಂತ ಮೀಸಲಲ್ಲ, ಪಿಡಿಎಕ್ಸ್1 ಸಣ್ಣ ಕರುಳಿನ ಶುರುವಲ್ಲೂ ಇದೆ, ನ್ಯೂರೋಡಿ1 ನರಕೋಶದಲ್ಲಿದೆ, ಮ್ಯಾಫ್‌ಎ ಕಣ್ಣಿನ ಲೆನ್ಸಲ್ಲೂ ಸಿಗುತ್ತೆ, ಆದ್ರೆ ಮೂವರೂ ಒಟ್ಟಿಗೆ ಜೋರಾಗಿ ಕೆಲಸ ಮಾಡೋದು ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ತಯಾರಿಸೋ ಬೀಟಾ ಕೋಶದಲ್ಲಿ. ಜಾಯಿಂಟ್ ಅಕೌಂಟಲ್ಲಿ ಎಲ್ಲರ ಸಹಿ ಬಿದ್ರೇನೇ ದುಡ್ಡು ಬರೋ ಹಾಗೆ. ಇದರ ಮೇಲೆ ಬೇರೆ ಕೋಶಗಳಲ್ಲಿ ಆ ತುಂಡಿಗೆ ಮೀಥೈಲ್ ಗುಂಪು ಅನ್ನೋ ಸಣ್ಣ ರಾಸಾಯನಿಕ ಗುರುತುಗಳು ಅಂಟಿಕೊಂಡು ಇನ್ನಷ್ಟು ಬಿಗಿಯಾಗಿರುತ್ತೆ.

ಪ್ರಶ್ನೆ: ಆ ಸ್ವಿಚ್ಚನ್ನ ಕಿತ್ತು ಬೇರೆ ಜೀನ್‌ಗೆ ಹಚ್ಚಿದ್ರೆ ಏನಾಗುತ್ತೆ?

ಉತ್ತರ: ಹಚ್ಚಿ ನೋಡಿದಾರೆ, ನಮಗೆ ಇಷ್ಟೆಲ್ಲ ಗೊತ್ತಾಗಿರೋದೇ ಹಾಗೆ. 1985ರಲ್ಲಿ ವಿಜ್ಞಾನಿ ಡಗ್ಲಸ್ ಹನಹಾನ್ ಇನ್ಸುಲಿನ್ ಸ್ವಿಚ್ಚಿಗೆ ಒಂದು ವೈರಸ್ಸಿನ ಕ್ಯಾನ್ಸರ್ ಜೀನ್ ಜೋಡಿಸಿ ಇಲಿಗಳಿಗೆ ಹಾಕಿದ್ರು, ಆ ಇಲಿಗಳ ಮೈಯಲ್ಲೆಲ್ಲ ಆ ಜೀನ್ ಇದ್ರೂ ಗೆಡ್ಡೆ ಎದ್ದಿದ್ದು ಬೀಟಾ ಕೋಶದಲ್ಲಿ! ಅದಕ್ಕೂ ಮೊದ್ಲು, 1982ರಲ್ಲಿ, ಪಾಮಿಟರ್ ಮತ್ತೆ ಬ್ರಿನ್‌ಸ್ಟರ್ ತಂಡ ಉಲ್ಟಾ ಮಾಡಿತ್ತು: ಮಾಮೂಲಾಗಿ ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿಯಲ್ಲಿ ತಯಾರಾಗೋ ಗ್ರೋತ್ ಹಾರ್ಮೋನ್ ಜೀನ್‌ಗೆ ಲಿವರಲ್ಲಿ ಚೆನ್ನಾಗಿ ಓಡೋ ಮೆಟಲೋಥಯೊನೀನ್ ಅನ್ನೋ ಜೀನಿನ ಸ್ವಿಚ್ ಹಚ್ಚಿದ್ರು, ಲಿವರ್ರೇ ಹಾರ್ಮೋನ್ ಸುರಿಸೋಕೆ ಶುರು ಮಾಡ್ತು, ಕೆಲವು ಇಲಿಗಳು ಒಡಹುಟ್ಟಿದವುಗಳ ಹೆಚ್ಚುಕಮ್ಮಿ ಎರಡರಷ್ಟು ಬೆಳೆದ್ವು.

ಆದ್ರೆ ಎಲ್ಲಾ ಸ್ವಿಚ್ಚೂ ಜೀನ್ ಪಕ್ಕದಲ್ಲೇ ಇರುತ್ತೆ ಅಂದ್ಕೋಬೇಡಿ. ಮನುಷ್ಯರ ಗ್ರೋತ್ ಹಾರ್ಮೋನ್ ಜೀನ್‌ದು ಒಂದು ಮುಖ್ಯ ತುಂಡು ಸುಮಾರು 14,500 ಅಕ್ಷರ ದೂರದಲ್ಲಿದೆ, ಪಿಟ್-1 ಅನ್ನೋ ಪ್ರೋಟೀನ್ ಅಲ್ಲೂ ಕೂರುತ್ತೆ, ಜೀನ್ ಹತ್ರದ ಪ್ರೊಮೋಟರಲ್ಲೂ ಕೂರುತ್ತೆ. ಈ ಪಿಟ್-1 ಕೆಟ್ರೆ ಗ್ರೋತ್ ಹಾರ್ಮೋನ್ ಒಂದೇ ಅಲ್ಲ, ಎದೆಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್ನೂ ಥೈರಾಯ್ಡನ್ನ ಚುರುಕು ಮಾಡೋ ಟಿಎಸ್‌ಎಚ್ಚೂ ಒಟ್ಟಿಗೇ ಕೈಕೊಡುತ್ತೆ.