ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಬೇಡಿ, ಮೊದಲು ಹಬ್ ನೋಡಿ

ನಿಮ್ಮ ಫೋರ್ಡ್ ಎಫ್-150 ಪಿಕಪ್‌ನಲ್ಲಿ ಲಿವರ್ ಎಳೆದರೆ ಫೋರ್ ವೀಲ್ ದೀಪ ಹೊತ್ತಿಕೊಳ್ಳುತ್ತದೆ, ಆದರೂ ಮುಂದಿನ ಚಕ್ರಗಳು ಎಳೆಯುವುದಿಲ್ಲ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೂ ಹಂಚುವ ಪೆಟ್ಟಿಗೆಯನ್ನು, ಅಂದರೆ ಟ್ರಾನ್ಸ್‌ಫರ್ ಕೇಸನ್ನು, ರಿಪೇರಿ ಮಾಡಿಸುವುದೋ ಬೇರೆಯದನ್ನು ಕೂರಿಸುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ.

ನನ್ನದೂ ಫೋರ್ಡ್ ಎಫ್-150, 1990ರದ್ದು. ಕೊಲರಾಡೊದ ಲೆಡ್‌ವಿಲ್ ಬಳಿಯ ಕಾಡುರಸ್ತೆಯ ಏರಿನಲ್ಲಿ ಹಿಮಕ್ಕೆ ಸಿಕ್ಕಿಕೊಂಡಿತು. ದೀಪ ಉರಿಯುತ್ತಿತ್ತು, ಹಿಂದಿನ ಚಕ್ರಗಳು ಹಿಮವನ್ನು ಅಗೆಯುತ್ತಿದ್ದವು, ಮುಂದಿನವು ಕದಲಲೇ ಇಲ್ಲ. ನಾನು ಗಾಡಿ ಓಡಿಸಲು ಕಲಿತದ್ದು ಸಕಲೇಶಪುರದ ತೋಟವೊಂದರ ಹಳೆಯ ಜೀಪಿನಲ್ಲಿ. ಅದರ ಮುಂದಿನ ಆಕ್ಸಲ್ ಸದಾ ಚಕ್ರಕ್ಕೆ ಜೋಡಿಕೊಂಡೇ ಇರುತ್ತಿತ್ತು. ಲಿವರ್ ಹಾಕಿದರೆ ನಾಲ್ಕೂ ಚಕ್ರ ಎಳೆಯಲೇಬೇಕು. ಹಾಗಾಗಿ ದೋಷ ಟ್ರಾನ್ಸ್‌ಫರ್ ಕೇಸಿನದೇ ಎಂದು ತೀರ್ಮಾನಿಸಿಬಿಟ್ಟೆ. ಗ್ಯಾರೇಜಿನವರೂ ಹೂಂಗುಟ್ಟಿದರು. ಬೋರ್ಗ್‌ವಾರ್ನರ್ 1356 ಕೇಸನ್ನು ಇಳಿಸಿ ಚೈನ್, ಬೇರಿಂಗ್, ಸೀಲುಗಳನ್ನೆಲ್ಲ ಹೊಸದಾಗಿ ಹಾಕಿಸಿದೆ. ಸಾವಿರಕ್ಕೂ ಹೆಚ್ಚು ಡಾಲರ್ ಕೈಬಿಟ್ಟಿತು. ಮುಂದಿನ ಹಿಮಕ್ಕೆ ಗಾಡಿ ಮತ್ತೆ ಹಾಗೆಯೇ ನಿಂತಿತು.

ಆ ದೀಪ ಹೇಳುವುದು ಕೇಸಿನ ಒಳಗಿನ ಸುದ್ದಿಯನ್ನು ಮಾತ್ರ. ಅಲ್ಲಿಂದ ಶಕ್ತಿ ಮುಂದಿನ ಶಾಫ್ಟ್, ಅದನ್ನು ಎಡಬಲಕ್ಕೆ ಹಂಚುವ ಡಿಫರೆನ್ಷಿಯಲ್, ಆಕ್ಸಲ್‌ಗಳನ್ನು ದಾಟಿ ಕೊನೆಗೆ ಆಕ್ಸಲನ್ನು ಚಕ್ರಕ್ಕೆ ಜೋಡಿಸುವ ಹಬ್ಬಿನಲ್ಲಿ ಚಕ್ರವನ್ನು ಹಿಡಿಯಬೇಕು. ನನ್ನ ಗಾಡಿಗೆ ಬಂದದ್ದು ಆಟೊಮ್ಯಾಟಿಕ್ ಹಬ್: ಆಕ್ಸಲ್ ತಿರುಗಿದಾಗ ಕ್ಯಾಮ್ ಸರಿದು ಹಲ್ಲುಗಳು ಕಚ್ಚಿಕೊಳ್ಳುತ್ತವೆ, ಬಿಡಿಸಲು ಲಿವರನ್ನು ಟೂ ಹೈಗೆ (ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಸ್ಥಾನಕ್ಕೆ) ತಂದು ಹತ್ತು ಅಡಿಯಷ್ಟು ಹಿಂದಕ್ಕೆ ಹೋಗಬೇಕು. ಎಡಗಡೆಯ ಹಬ್ ಬಿಚ್ಚಿದಾಗ ಒಳಗಿನ ಗ್ರೀಸ್ ಕಂದು ಮೇಣದಂತೆ ಗಟ್ಟಿಯಾಗಿತ್ತು, ಕ್ಯಾಮನ್ನು ಹೆಬ್ಬೆರಳಿನಿಂದ ಒತ್ತಿದರೂ ಜರುಗಲಿಲ್ಲ. ಬಲಗಡೆಯದು ಸರಿಯಾಗಿಯೇ ಇತ್ತು. ಅದಾದರೂ ಎಳೆಯಬಹುದಿತ್ತಲ್ಲ ಎನ್ನುತ್ತೀರೇನೋ. ಎಳೆಯುವುದಿಲ್ಲ. ಡಿಫರೆನ್ಷಿಯಲ್‌ಗೆ ಲಾಕ್ ಇಲ್ಲದಿದ್ದರೆ, ಹಿಡಿತ ತಪ್ಪಿದ ಕಡೆಯ ಆಕ್ಸಲ್ ಬರಿದೇ ಗಿರಗಿರನೆ ಸುತ್ತುತ್ತದೆ, ಹಿಡಿತವಿರುವ ಚಕ್ರಕ್ಕೆ ಏನೂ ದಕ್ಕುವುದಿಲ್ಲ. ಒಂದು ಹಬ್ ಕೆಟ್ಟರೆ ಎರಡೂ ಕೆಟ್ಟಂತೆಯೇ.

ದೋಷ ಹಬ್ಬಿನದೋ ಕೇಸಿನದೋ ಎಂದು ತಿಳಿಯಲು, ಜಾರುವ ಸಮತಟ್ಟು ಜಾಗದಲ್ಲಿ ಲಿವರನ್ನು ಫೋರ್ ಹೈಗೆ (ನಾಲ್ಕೂ ಚಕ್ರ ಎಳೆಯುವ ಸ್ಥಾನಕ್ಕೆ) ಹಾಕಿ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ. ಇನ್ನೊಬ್ಬರು ಬದಿಯಲ್ಲಿ, ದೂರ ನಿಂತು ಗಾಡಿಯ ಅಡಿಗೆ ಟಾರ್ಚ್ ಹಾಕಿ ನೋಡಲಿ. ಮುಂದಿನ ಶಾಫ್ಟ್ ತಿರುಗುತ್ತಿದ್ದು ಚಕ್ರಗಳು ತಿರುಗದಿದ್ದರೆ ಕೇಸ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಶಾಫ್ಟೇ ತಿರುಗದಿದ್ದರೆ ಮಾತ್ರ ಕೇಸಿನತ್ತ ನೋಡಿ, ಅದೂ ಲಿವರಿನ ಜೋಡಣೆಯನ್ನು ಪರೀಕ್ಷಿಸಿದ ಮೇಲೆ.

ಹಬ್ ಕೆಟ್ಟಿದ್ದರೆ ಕೈಯಿಂದ ತಿರುಗಿಸುವ ಮ್ಯಾನ್ಯುಯಲ್ ಹಬ್ ಹಾಕಿಸಿ. ಆಟೊಮ್ಯಾಟಿಕ್ ಹಬ್ಬನ್ನೇ ತೊಳೆದು ಹಾಕಿದರೆ ಸಾಕು ಎನ್ನುವವರು ಸಿಗುತ್ತಾರೆ, ಕೇಳಬೇಡಿ. ಹಿಮದಲ್ಲಿ ಹೂತ ಗಾಡಿಯನ್ನು ಹಿಂದೆ ಮುಂದೆ ಆಡಿಸುವಾಗ ಆ ಹಬ್ ಪ್ರತಿಸಲವೂ ಬಿಟ್ಟು ಮತ್ತೆ ಕಚ್ಚಿಕೊಳ್ಳಬೇಕು. ಬೇಕಾದ ಹೊತ್ತಿನಲ್ಲೇ ಕೈಕೊಡುತ್ತದೆ. ಪರಿವರ್ತನೆಯ ಕಿಟ್ ಕೊಳ್ಳುವಾಗ ಚಕ್ರದ ಬೇರಿಂಗನ್ನು ಹಿಡಿದಿಡುವ ಹೊಸ ಸ್ಪಿಂಡಲ್ ನಟ್‌ಗಳು ಅದರಲ್ಲಿವೆಯೇ ನೋಡಿ, ಹಳೆಯವು ಹೊಂದುವುದಿಲ್ಲ. ಹಬ್ಬಿನೊಳಗೆ ಬೇರಿಂಗ್ ಗ್ರೀಸ್ ತುರುಕಲು ಬಿಡಬೇಡಿ, ತೆಳುವಾಗಿ ಸವರಿದರೆ ಸಾಕು.

ಮೊದಲ ಹಿಮಕ್ಕೆ ಎರಡೂ ಹಬ್ ಲಾಕ್ ಮಾಡಿ ಚಳಿಗಾಲವಿಡೀ ಹಾಗೆಯೇ ಬಿಡಿ. ಟೂ ಹೈನಲ್ಲಿ ಓಡಿಸಿದರೆ ತುಸು ಹೆಚ್ಚು ಪೆಟ್ರೋಲ್ ಕುಡಿಯಬಹುದು, ಅಷ್ಟೆ. ಆದರೆ ಒಣ ಟಾರು ರಸ್ತೆ ಸಿಕ್ಕೊಡನೆ ಲಿವರನ್ನು ಫೋರ್ ಹೈನಿಂದ ತೆಗೆಯಿರಿ. ಹಿಂದಿನ ಮುಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಈ ಕೇಸಿನಲ್ಲಿ ಇಲ್ಲ. ತಿರುವಿನಲ್ಲಿ ಹಿಂದಿನ ಮುಂದಿನ ಚಕ್ರಗಳು ಜಗ್ಗಾಡಿದರೆ ಪೆಟ್ಟು ಬೀಳುವುದು ಚೈನಿಗೆ.