15 ಅಂದರೆ ಕಡಿಮೆಯಲ್ಲ

ಎಂಟು ವರ್ಷದ ಮಗಳಿಗೆ ಟೈಪ್ 1 ಡಯಾಬಿಟಿಸ್ ಇದೆ, ಮುಂದಿನ ತಿಂಗಳು ದೇಶ ಬಿಟ್ಟು ಬರುತ್ತಿದ್ದೇವೆ, ಹೊಸ ಶಾಲೆಗೆ ಧೈರ್ಯವಾಗಿ ಕಳಿಸಬಹುದಾ ಅಂತ ಕೇಳಿದ್ದೀರಿ. ಕಳಿಸಬಹುದು. ನನ್ನ ಮಗನಿಗೂ ಇದೇ ಇದೆ, ನಾವು ಬಂದು 11 ವರ್ಷವಾಯಿತು.

ಮೊದಲು ಶುಗರ್ ಮೀಟರಿನ ಲೆಕ್ಕ ಕಲಿಯಿರಿ. ಬಂದ ಹೊಸತರಲ್ಲಿ ಶಾಲೆಯಿಂದ ಫೋನ್ ಬಂತು, "15 ಇದೆ" ಅಂದರು. ನನ್ನ ಕೈಕಾಲು ತಣ್ಣಗಾಯಿತು. ಬೇಗ ಜ್ಯೂಸ್ ಕೊಡಿ ಅಂತ ಕಿರುಚಿದೆ! ಪುಣ್ಯಕ್ಕೆ ಅವರು ಕೊಡಲಿಲ್ಲ. ನಮ್ಮದು ಮಿಲಿಗ್ರಾಂ ಲೆಕ್ಕ, ಅವರದು ಮಿಲಿಮೋಲ್. 18ರಿಂದ ಗುಣಿಸಿ ನೋಡಿ: 15 ಅಂದರೆ 270. ಕಡಿಮೆಯಲ್ಲ, ಜಾಸ್ತಿ. ನೀವು ಹೋಗುವ ದೇಶದಲ್ಲಿ ಯಾವ ಲೆಕ್ಕ ಅಂತ ಈಗಲೇ ತಿಳಿದುಕೊಳ್ಳಿ.

ಬಾಟಲಿ ಇನ್ಸುಲಿನ್ ಬಳಸುತ್ತಿದ್ದರೆ ಅದರ ಮೇಲೆ 40 ಅಂತಿದೆಯೋ 100 ಅಂತಿದೆಯೋ ನೋಡಿ, ಅದು ಒಂದು ಮಿಲಿಲೀಟರಿನಲ್ಲಿ ಎಷ್ಟು ಯೂನಿಟ್ ಇದೆ ಅನ್ನೋ ಲೆಕ್ಕ. 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ ಎರಡೂವರೆ ಪಟ್ಟು ಡೋಸ್ ಹೋಗುತ್ತದೆ. ಇದರಲ್ಲಿ ಮಾತ್ರ ತಮಾಷೆ ಇಲ್ಲ.

ವಿಮಾನದಲ್ಲಿ ಔಷಧಿ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಿದರೆ ಚಳಿಗೆ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ಗಂಟೆ ಬದಲಾಗುವುದರಿಂದ ದಿನದ ಲಾಂಗ್ ಆ್ಯಕ್ಟಿಂಗ್ ಡೋಸ್ (ನಿಧಾನವಾಗಿ ಹೆಚ್ಚು ಹೊತ್ತು ಕೆಲಸ ಮಾಡುವ ಇನ್ಸುಲಿನ್) ಯಾವಾಗ ಕೊಡಬೇಕು ಅಂತ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ, ಒಂದು ಪತ್ರವನ್ನೂ ಬರೆಸಿಕೊಳ್ಳಿ.

ಶಾಲೆಗೆ ಒಂದೇ ಪುಟದ ಕಾಗದ ಸಾಕು. 70ಕ್ಕಿಂತ, ಅಂದರೆ 3.9ಕ್ಕಿಂತ ಕೆಳಗಿಳಿದರೆ ಡಾಕ್ಟರ್ ಹೇಳಿದಷ್ಟು ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಆ ಹೊತ್ತಿನಲ್ಲಿ ಅವಳನ್ನು ಎಲ್ಲಿಗೂ ಒಬ್ಬಳೇ ಕಳಿಸಬಾರದು. ಶುಗರ್ ಇಳಿದ ಮಗು ಟೀಚರಿಗೆ ಹಟಮಾರಿಯಂತೆಯೋ ನಿದ್ದೆಗಣ್ಣಿನಂತೆಯೋ ಕಾಣಬಹುದು, ಅದನ್ನೂ ಬರೆಯಿರಿ. ಹೊಸ ಭಾಷೆಯಲ್ಲಿ ಮಗಳು ಮೊದಲು ಕಲಿಯಬೇಕಾದ ಮಾತು "ನನಗೆ ಶುಗರ್ ಇಳೀತಿದೆ" ಅನ್ನೋದು. ನಮಸ್ಕಾರ ಆಮೇಲೆ ಕಲಿಯಲಿ.

ಆಟ ಜಾಸ್ತಿಯಾದ ದಿನ ರಾತ್ರಿಯೂ ಶುಗರ್ ಇಳಿಯಬಹುದು, ಒಮ್ಮೆ ಎದ್ದು ನೋಡಿ. ವಾಂತಿಯಾಗಿ ಊಟ ಬಿಟ್ಟರೂ ಇನ್ಸುಲಿನ್ ನಿಲ್ಲಿಸಬೇಡಿ. ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ) ಪರೀಕ್ಷಿಸಿ ಡಾಕ್ಟರಿಗೆ ಫೋನ್ ಮಾಡಿ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಮಗ ಮೀಟರ್ ನೋಡುವ ಮೊದಲು ನನ್ನ ಮುಖ ನೋಡುತ್ತಿದ್ದ. ಸಂಖ್ಯೆ ಏರಿದರೆ ನಾನು ಮುಖ ಸಿಂಡರಿಸುತ್ತಿದ್ದೆ, ಅವನು ಸುಳ್ಳು ಹೇಳೋಕೆ ಶುರು ಮಾಡಿದ. ಬೈಯುವುದನ್ನು ಬಿಟ್ಟೆ, ಮುಖ ಸುಮ್ನೆ ಇಟ್ಟುಕೊಳ್ಳೋದನ್ನೂ ಕಲಿತೆ. ಸುಮಾರು ಒಂದು ವರ್ಷ ಹಿಡಿಯಿತು. ಈಗ "16 ಇದೆ ಅಮ್ಮಾ" ಅಂತ ತಾನೇ ಬಂದು ಹೇಳುತ್ತಾನೆ.