ಕಾವೇರಿಯ ಡುಬ್ಬದ ಮೀನಿಗೆ ಎಷ್ಟು ಹೆಸರು?

ಪ್ರಶ್ನೆ: ಸಿದ್ದಾಪುರದ ಬಳಿ ಕಾವೇರಿ ದಂಡೆಯಲ್ಲಿ ನಮ್ಮ ಕಾಫಿ ತೋಟವಿದೆ. ಬೆನ್ನು ಡುಬ್ಬವಾಗಿರುವ, ಕಿತ್ತಳೆ ಬಣ್ಣದ ರೆಕ್ಕೆಗಳ ದೊಡ್ಡ ಬಿಳಿ ಮೀನು ತಂದೆಯವರ ಕಾಲದಲ್ಲಿ ಇಲ್ಲಿ ಸಿಗುತ್ತಿತ್ತು. ಅವರ ಹಳೆಯ ಪುಸ್ತಕದಲ್ಲಿ ಅದರ ಹೆಸರು ‘ಟಾರ್ ಮುಸ್ಸುಲ್ಲಾ’ ಎಂದಿದೆ. ನಾನು ಕಾಲೇಜಿನಲ್ಲಿದ್ದಾಗ ‘ಟಾರ್ ಖುದ್ರೀ’ ಎಂದು ಕಲಿತೆ. ಈಗ ‘ಟಾರ್ ರೆಮಾದೇವಿ’ ಎನ್ನುತ್ತಾರೆ. ವಿಜ್ಞಾನಿಗಳಲ್ಲೇ ಒಮ್ಮತವಿಲ್ಲವೇ? ಗದ್ದೆಯಲ್ಲಿ ನಾವು ಹಿಡಿಯುವ ಞಂಡ್‌ಗಳೆಲ್ಲ (ಏಡಿಗಳೆಲ್ಲ) ಒಂದೇ ಬಗೆಯವೇ?

ಉತ್ತರ: ಒಂದೇ ಮೀನಿಗೆ ಮೂರು ಬಾರಿ ನಾಮಕರಣವಾಯಿತು ಎಂದು ತಾವು ಭಾವಿಸಿದಂತಿದೆ. ನಡೆದದ್ದು ಬೇರೆ: ಇನ್ನೆರಡು ಮೀನುಗಳ ಹೆಸರನ್ನು ನಿಮ್ಮ ಮೀನಿಗೆ ತಪ್ಪಾಗಿ ಹೊರಿಸಲಾಗಿತ್ತು. ಪ್ರಾಣಿಗಳ ನಾಮಕರಣದ ನಿಯಮದಂತೆ, ಹೆಸರಿಟ್ಟವರು ಎದುರಿಗಿಟ್ಟುಕೊಂಡು ವರ್ಣಿಸಿದ ಮಾದರಿಯೇ ಆ ಹೆಸರಿನ ಯಜಮಾನ. ಹೊಳೆಯಲ್ಲಿ ಸಿಕ್ಕ ಮೀನು ಆ ಮಾದರಿಗೆ ಹೊಂದಿದರೆ ಮಾತ್ರ ಹೆಸರು ಅದಕ್ಕೂ ಸಲ್ಲುತ್ತದೆ. ಮುಸ್ಸುಲ್ಲಾ, ಖುದ್ರೀ ಎರಡೂ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಸೈಕ್ಸ್ 1839ರಲ್ಲಿ ಪುಣೆಯ ಸುತ್ತಲಿನ, ಅಂದರೆ ಭೀಮಾ ನದಿಯನ್ನು ಸೇರುವ ಹೊಳೆಗಳ ಮೀನುಗಳಿಗೆ ಇಟ್ಟ ಹೆಸರುಗಳು. ಅವು ಕೃಷ್ಣಾ ಕೊಳ್ಳದವು, ಕಾವೇರಿಯವಲ್ಲ. ಸೈಕ್ಸ್ ವರ್ಣಿಸಿದ ಮುಸ್ಸುಲ್ಲಾ ಮಹಶೀರ್ ಜಾತಿಗೇ, ಅಂದರೆ ‘ಟಾರ್’ ಕುಲಕ್ಕೇ ಸೇರಿದ್ದಲ್ಲ, ಹಿಪ್ಸೆಲೊಬಾರ್ಬಸ್ ಎಂಬ ಬೇರೆ ಕುಲದ ಮೀನು ಎಂದು 2013ರಲ್ಲಿ ತಜ್ಞರು ವಾದಿಸಿದ ಮೇಲೆ, ಕಾವೇರಿಯ ಡುಬ್ಬದ ಮೀನಿಗೆ ಹೆಸರೇ ಇಲ್ಲದಂತಾಯಿತು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮೀನಿನ ಕಥೆ ಜಗತ್ತಿನ ಗಾಳದವರಿಗೆಲ್ಲ ಬಾಯಿಪಾಠವಾಗಿತ್ತು. ಶಾಸ್ತ್ರದ ದಾಖಲೆಯಲ್ಲಿ ಮಾತ್ರ ಆ ಮೀನು ಅನಾಮಿಕವಾಗಿತ್ತು.

ಇತ್ತ ಕೇರಳದಲ್ಲಿ ಕಾವೇರಿಯ ಉಪನದಿಯಾದ ಪಾಂಬಾರಿನ ಮಹಶೀರ್ ಒಂದನ್ನು ಅದಕ್ಕೆ ಮೊದಲೇ ಹೊಸ ಪ್ರಭೇದವೆಂದು ವರ್ಣಿಸಿ, ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ವಿಜ್ಞಾನಿ ರೆಮಾದೇವಿಯವರ ಹೆಸರನ್ನು ಅದಕ್ಕೆ ಇಡಲಾಗಿತ್ತು. ಕಾವೇರಿ ಕೊಳ್ಳದ್ದೇ ಆದ ಮೋಯಾರ್ ನದಿಯ ಡುಬ್ಬದ ಮೀನುಗಳನ್ನು ಇವುಗಳೊಡನೆ ದೇಹರಚನೆ, ಡಿಎನ್‌ಎ ಎರಡರಿಂದಲೂ ಹೋಲಿಸಿ, ಎರಡೂ ಒಂದೇ ಎಂದು 2018ರಲ್ಲಿ ತೋರಿಸಲಾಯಿತು. ಡಿಎನ್‌ಎ ಪರೀಕ್ಷೆಯೊಂದರಿಂದಲೇ ಇಂಥ ವಿವಾದ ಬಗೆಹರಿಯುತ್ತದೆ ಎಂದು ಹಲವರು ನಂಬುತ್ತಾರೆ, ನನಗೆ ಆ ನಂಬಿಕೆಯಿಲ್ಲ. ಎರಡು ಮೀನುಗಳು ಬೇರೆಬೇರೆ ಎಂದು ಡಿಎನ್‌ಎ ಹೇಳಬಲ್ಲದೇ ಹೊರತು, ಹಳೆಯ ಹೆಸರು ಯಾವುದಕ್ಕೆ ಸೇರಬೇಕೆಂದು ಹೇಳಲಾರದು. ಅದಕ್ಕೆ ಮೂಲ ಮಾದರಿಯೋ ಮಾದರಿ ಸಿಕ್ಕ ಜಾಗದ ಮೀನೋ ಕೈಗೆ ಸಿಗಲೇಬೇಕು.

ಇದು ಬರೀ ಪಂಡಿತರ ಜಗಳವಾಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ‘ಎಲ್ಲವೂ ಮಹಶೀರ್’ ಎಂಬ ಭಾವನೆಯಿಂದ, ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಖುದ್ರೀ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಕಾವೇರಿ ದಂಡೆಯ ಗಾಳಿಬೋರೆಯಲ್ಲಿ 1998ರಿಂದ 2012ರವರೆಗಿನ ಗಾಳದ ದಾಖಲೆಗಳನ್ನು ನೋಡಿದರೆ ನೀಲಿ ರೆಕ್ಕೆಯವು ಹೆಚ್ಚುತ್ತ, ಡುಬ್ಬದವು ಕಡಿಮೆಯಾಗುತ್ತ ಬಂದಿವೆ. ಸರಿಯಾದ ಹೆಸರಿಲ್ಲದ ಕಾರಣ ಡುಬ್ಬದ ಮೀನು ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೂ ಸೇರಿರಲಿಲ್ಲ. ಹೆಸರು ನಿಶ್ಚಯವಾದ 2018ರಲ್ಲೇ ಅದು ‘ತೀವ್ರ ಅಪಾಯದಲ್ಲಿರುವ’ ಪ್ರಭೇದವೆಂದು ಪಟ್ಟಿಗೆ ಬಂತು.

ನಿಯಮವನ್ನು ಬಳಕೆಗಾಗಿ ಬಗ್ಗಿಸಿದ ನಿದರ್ಶನವೂ ಉಂಟು. ಕೆರೆಗಳಲ್ಲಿ ಸಾಕುವ ದೊಡ್ಡ ಸಿಹಿನೀರಿನ ಸಿಗಡಿ ‘ರೋಸೆನ್‌ಬರ್ಗಿ’ಯಲ್ಲಿ ಎರಡು ಪ್ರಭೇದಗಳಿವೆ ಎಂದು ಗೊತ್ತಾದಾಗ, ನಿಯಮದ ಪ್ರಕಾರ ಆ ಹೆಸರು ಪೂರ್ವದ, ನ್ಯೂಗಿನಿ ಕಡೆಯ ಸಿಗಡಿಗೆ ಹೋಗಿ, ಸಾಕಣೆಯ ಸಿಗಡಿ ‘ಡಾಕ್ವೆಟಿ’ ಆಗಬೇಕಿತ್ತು. 2010ರಲ್ಲಿ ಅಂತಾರಾಷ್ಟ್ರೀಯ ನಾಮಕರಣ ಆಯೋಗವು ಮಾದರಿಯನ್ನೇ ಬದಲಿಸಿ, ರೂಢಿಯ ಹೆಸರನ್ನು ಸಾಕಣೆಯ ಸಿಗಡಿಗೇ ಉಳಿಸಿಕೊಟ್ಟಿತು. ಇದು ವಿವೇಕದ ತೀರ್ಮಾನವೆಂದೇ ನನ್ನ ಅಭಿಪ್ರಾಯ.

ಞಂಡ್‌ಗಳೆಲ್ಲ ಒಂದೇ ಅಲ್ಲ. ಗದ್ದೆಯ ಬದುವಿನಲ್ಲಿ ಬಿಲ ತೋಡುವ ದೊಡ್ಡ ಏಡಿಯೂ ತೊರೆಯ ಬಂಡೆಸಂದಿಯ ಬಣ್ಣದ ಚಿಕ್ಕ ಏಡಿಯೂ ಬೇರೆಬೇರೆ ಕುಲದವಾಗಿರಬಹುದು. ಸಮುದ್ರದ ಏಡಿಗಳ ಮರಿಗಳು ನೀರಿನಲ್ಲಿ ದೂರ ತೇಲಿಹೋಗುತ್ತವೆ. ಸಿಹಿನೀರಿನ ಏಡಿಯ ಮೊಟ್ಟೆಯಿಂದ ಪುಟ್ಟ ಏಡಿಯೇ ಹೊರಬಂದು, ತಾಯಿಯ ಹೊಟ್ಟೆಯಡಿಯಲ್ಲೇ ಕೆಲಕಾಲ ಇರುತ್ತದೆ. ಹೀಗಾಗಿ ಒಂದೊಂದು ಬೆಟ್ಟದ ಏಡಿಗಳು ಅಲ್ಲಲ್ಲೇ ಉಳಿದು ಬೇರೆಯಾಗಿವೆ. ಪಶ್ಚಿಮಘಟ್ಟದ ಏಡಿಗಳಿಗೆಂದೇ ‘ಘಾಟಿಯಾನಾ’ ಎಂಬ ಕುಲವನ್ನು 2014ರಲ್ಲಿ ಸ್ಥಾಪಿಸಲಾಯಿತು. 2022ರಲ್ಲಿ ಯಲ್ಲಾಪುರದ ಕಡೆಯ ‘ಘಾಟಿಯಾನಾ ದ್ವಿವರ್ಣ’ ಅದಕ್ಕೆ ಸೇರಿತು. ಬಣ್ಣವನ್ನು ಮಾತ್ರ ನಂಬಬೇಡಿ. ತಜ್ಞರು ಗುರುತಿಸುವುದು ಗಂಡು ಏಡಿಯ ಹೊಟ್ಟೆಯ ಮಡಿಕೆಯಡಿ ಅಡಗಿರುವ ಸಂತಾನಾಂಗದ ಆಕಾರದಿಂದ. ಆದ್ದರಿಂದ ಫೋಟೋ ತೆಗೆಯುವಾಗ ಅದನ್ನು ಮಗುಚಿಯೂ ಒಂದು ತೆಗೆಯಿರಿ.

ತಂದೆಯವರು ಹಿಡಿದ ಮೀನಿನ ಹಳೆಯ ಫೋಟೋ ಮನೆಯಲ್ಲಿದ್ದರೆ ಜೋಪಾನವಾಗಿಡಿ. ಕಪ್ಪು-ಬಿಳುಪು ಚಿತ್ರದಲ್ಲಿ ರೆಕ್ಕೆಯ ಬಣ್ಣ ಕಾಣದಿದ್ದರೂ, ತಲೆಯ ಹಿಂದಿನಿಂದ ಬೆನ್ನಿನ ರೆಕ್ಕೆಯವರೆಗೆ ಕಡಿದಾಗಿ ಏರುವ ಡುಬ್ಬ ಕಾಣುತ್ತದೆ. ಹಿಡಿದ ವರ್ಷ, ಹೊಳೆಯ ಜಾಗ ನೆನಪಿದ್ದರೆ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ.